ಚರ್ಮದ ಶಿಲೀಂಧ್ರ ಸೋಂಕು: ಟಿಪ್ಪಣಿ ಬರೆಯುವುದು, ಕೋಡ್ ಕೊಡುವುದು ಹೇಗೆ?

ಪ್ರತಿ ರೋಗಕ್ಕೂ ನಿಗದಿಯಾದ ಸಂಕೇತವನ್ನು ದಾಖಲೆಯಲ್ಲಿ ನಮೂದಿಸುವ ಕೆಲಸವೇ ಮೆಡಿಕಲ್ ಕೋಡಿಂಗ್. ಅದನ್ನು ಮಾಡುವವರು ರೋಗಿಯನ್ನು ನೋಡುವುದಿಲ್ಲ. ಅವರ ಕಣ್ಣಿಗೆ ಬೀಳುವುದು ವೈದ್ಯರು ಬರೆದ ಟಿಪ್ಪಣಿ ಮಾತ್ರ. ಆ ಟಿಪ್ಪಣಿಯಲ್ಲಿ ‘ಚರ್ಮದ ಸೋಂಕು, ಮುಲಾಮು ಕೊಡಲಾಗಿದೆ’ ಎಂದಷ್ಟೇ ಇದ್ದರೆ ಕೋಡರ್‌ಗೆ ಉಳಿಯುವುದು ಎಲ್08.9 ಎಂಬ, ಶಿಲೀಂಧ್ರದ ಸುಳಿವನ್ನೇ ಕೊಡದ ಅನಿರ್ದಿಷ್ಟ ಕೋಡ್. ಆದ್ದರಿಂದ ಕೋಡಿಂಗ್ ಕೆಲಸ ನಿಜವಾಗಿ ಆರಂಭವಾಗುವುದು ತಪಾಸಣೆಯ ಕೊಠಡಿಯಲ್ಲಿಯೇ.

ಮೊದಲು ಬರೆಯಬೇಕಾದದ್ದು ಸೋಂಕು ತಗುಲಿದ ಜಾಗ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಪಟ್ಟಿಯಾದ ಐಸಿಡಿ-10ರಲ್ಲಿ ಹುಳುಕಡ್ಡಿಯ ಜಾತಿಯ ಸೋಂಕುಗಳೆಲ್ಲ ಬಿ35ರ ಅಡಿಯಲ್ಲಿ ಬರುತ್ತವೆ. ಅಲ್ಲಿ ವಿಂಗಡಣೆ ನಡೆದಿರುವುದು ಬಹುಮಟ್ಟಿಗೆ ದೇಹದ ಭಾಗವನ್ನು ಅನುಸರಿಸಿಯೇ ಹೊರತು ಶಿಲೀಂಧ್ರದ ಪ್ರಭೇದವನ್ನು ಅನುಸರಿಸಿ ಅಲ್ಲ. ನೆತ್ತಿ ಮತ್ತು ಗಡ್ಡದ ಸೋಂಕಿಗೆ ಬಿ35.0, ಉಗುರಿಗೆ ಬಿ35.1, ಕೈಗೆ ಬಿ35.2, ಪಾದಕ್ಕೆ ಬಿ35.3, ಮೈಗೆ ಬಿ35.4, ತೊಡೆಸಂದಿಗೆ ಬಿ35.6. ನಡುವಿನ ಬಿ35.5 ಮಾತ್ರ ಟ್ರೈಕೊಫೈಟನ್ ಕಾನ್ಸೆಂಟ್ರಿಕಮ್‌ನಿಂದ ಬರುವ, ಒಂದರೊಳಗೊಂದು ಬಳೆಗಳಂತೆ ಹರಡುವ ವಿಶಿಷ್ಟ ರೋಗಕ್ಕೆ ಮೀಸಲಾದದ್ದು. ಕಲೆ ಉಂಗುರದಂತಿದೆ ಎಂಬ ಮಾತ್ರಕ್ಕೆ ಅದನ್ನು ಬಳಸಬಾರದು. ಪಾದದ ಸೋಂಕು ಉಗುರಿಗೂ ಹಬ್ಬಿದ್ದರೆ ಬಿ35.3 ಮತ್ತು ಬಿ35.1 ಎರಡನ್ನೂ ಕೊಡಬೇಕು. ಎಡ, ಬಲ ಎಂಬ ಭೇದ ಈ ಕೋಡ್‌ಗಳಲ್ಲಿ ಇಲ್ಲದಿದ್ದರೂ ಟಿಪ್ಪಣಿಯಲ್ಲಿ ಅದು ಇರಲೇಬೇಕು, ಏಕೆಂದರೆ ಮುಂದಿನ ಭೇಟಿಯಲ್ಲಿ ಸೋಂಕು ಹರಡಿದೆಯೋ ಇಳಿದಿದೆಯೋ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಜಾಗ ಗೊತ್ತಾದ ಮೇಲೆ ಕಾರಣದ ಪ್ರಶ್ನೆ ಏಳುತ್ತದೆ. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ. ಸಿಬ್ಬು ಮಲಸೀಜಿಯಾ ಎಂಬ ಯೀಸ್ಟ್‌ನಿಂದ ಬರುವುದರಿಂದ ಅದರ ಕೋಡ್ ಬಿ36.0, ಅದನ್ನು ಬಿ35ಕ್ಕೆ ಸೇರಿಸುವುದು ತಪ್ಪು. ಕ್ಯಾಂಡಿಡಾ ಎಂಬ ಇನ್ನೊಂದು ಯೀಸ್ಟ್ ಚರ್ಮಕ್ಕೂ ಉಗುರಿಗೂ ತಗುಲುತ್ತದೆ, ಎರಡಕ್ಕೂ ಬಿ37.2 ಒಂದೇ. ತೊಡೆಸಂದಿಯ ಕೆಂಪನೆಯ ಕಲೆಯಂತೂ ವಿಶೇಷ ಎಚ್ಚರವನ್ನು ಬೇಡುತ್ತದೆ. ಹೊರಗಿನ ಅಂಚು ಉಬ್ಬಿ, ನಡುವಿನ ಚರ್ಮ ತಿಳಿಯಾಗಿದ್ದರೆ ಹುಳುಕಡ್ಡಿಯ ಕಡೆಗೆ ಒಲವು ಹೆಚ್ಚು. ಕಲೆಯ ಸುತ್ತ ಸಣ್ಣ ಸಣ್ಣ ಗುಳ್ಳೆಗಳು ಚದುರಿದ್ದರೆ ಕ್ಯಾಂಡಿಡಾ ನೆನಪಾಗಬೇಕು. ನೇರಳಾತೀತ ಕಿರಣ ಬೀರುವ ವುಡ್ಸ್ ದೀಪದ ಬೆಳಕಿನಲ್ಲಿ ಹವಳದ ಕೆಂಪು ಹೊಳೆದರೆ ಅದು ಶಿಲೀಂಧ್ರವೇ ಅಲ್ಲ, ಬ್ಯಾಕ್ಟೀರಿಯಾದಿಂದ ಬರುವ ಎರಿತ್ರಾಸ್ಮಾ, ಅದರ ಕೋಡ್ ಎಲ್08.1. ಕಂಡ ಲಕ್ಷಣವನ್ನು ವೈದ್ಯರು ಒಂದೇ ಸಾಲಿನಲ್ಲಿ ಬರೆದಿಟ್ಟರೂ ಕೋಡ್‌ಗೆ ಆಧಾರ ಸಿಗುತ್ತದೆ.

ಪರೀಕ್ಷೆ ಮಾಡಿದ್ದರೆ ‘ಕೆಒಎಚ್ ಪಾಸಿಟಿವ್’ ಎಂಬ ಎರಡು ಪದಗಳಿಗೆ ನಿಲ್ಲಿಸದೆ, ಕೆರೆದು ತೆಗೆದ ಜಾಗ, ದಿನಾಂಕ ಮತ್ತು ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ನಮೂದಿಸಬೇಕು. ಸಾಮಾನ್ಯವಾಗಿ ಕಲೆಯ ಅಂಚಿನ ಹೊಟ್ಟನ್ನು ಕೆರೆದು, ಶೇ 10ರಿಂದ 20ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಕೆಒಎಚ್) ದ್ರಾವಣ ಹಾಕಿ ನೋಡುತ್ತಾರೆ. ಉಗುರಿನ ವಿಷಯದಲ್ಲಿ ಪರೀಕ್ಷೆಯ ಮಹತ್ವ ಇನ್ನೂ ಹೆಚ್ಚು: ದಪ್ಪಗಾಗಿ ಹಳದಿ ತಿರುಗಿದ ಉಗುರು ಸೋರಿಯಾಸಿಸ್‌ನಿಂದಲೂ ಹಾಗಾಗಬಹುದು, ಮತ್ತು ಬಾಯಿಯ ಮೂಲಕ ಕೊಡುವ ಔಷಧಿ ತಿಂಗಳುಗಟ್ಟಲೆ ನಡೆಯಬೇಕಾಗುತ್ತದೆ. ರೋಗಿ ಮೊದಲೇ ಸ್ಟಿರಾಯ್ಡ್ ಮುಲಾಮು ಹಚ್ಚಿಕೊಂಡಿದ್ದರೆ ಅದನ್ನು ತಪ್ಪದೆ ಬರೆಯಬೇಕು. ಅದರಿಂದ ಅಂಚು ಅಳಿಸಿ, ರೋಗ ತನ್ನ ಗುರುತನ್ನೇ ಬಿಟ್ಟುಕೊಡದಂತಾಗಿರುತ್ತದೆ.

ಒಳ್ಳೆಯ ಟಿಪ್ಪಣಿ ಉದ್ದವಾಗಿರಬೇಕೆಂದೇನೂ ಇಲ್ಲ. ‘ಬಲ ತೊಡೆಸಂದಿಯಲ್ಲಿ ಮೂರು ವಾರಗಳಿಂದ ತುರಿಕೆ, ಅಂಚು ಉಬ್ಬಿದ, ಹೊಟ್ಟಿರುವ ಕಲೆ, ವೃಷಣಚೀಲ ಸ್ವಚ್ಛ, ಅಂಚಿನಿಂದ ತೆಗೆದ ಮಾದರಿಯಲ್ಲಿ ಕವಲೊಡೆದ ಶಿಲೀಂಧ್ರ ಎಳೆಗಳು, ರೋಗನಿರ್ಣಯ: ಟೀನಿಯಾ ಕ್ರೂರಿಸ್’ (ತೊಡೆಸಂದಿಯ ಹುಳುಕಡ್ಡಿ) ಎಂದಿದ್ದರೆ ಕೋಡರ್ ಯಾರನ್ನೂ ಕೇಳದೆ ಬಿ35.6 ಎಂದು ದಾಖಲಿಸಬಹುದು.

ಇನ್ನು ‘ಶಂಕಿತ’, ‘ಇರಬಹುದು’ ಎಂಬ ಪದಗಳ ವಿಷಯ. ಅಮೆರಿಕದ ಐಸಿಡಿ-10-ಸಿಎಂ ನಿಯಮಗಳ ಪ್ರಕಾರ ಹೊರರೋಗಿಗಳಲ್ಲಿ ಇಂತಹ ಅನುಮಾನವನ್ನು ಖಚಿತ ರೋಗವೆಂದು ಕೋಡ್ ಮಾಡುವಂತಿಲ್ಲ. ಆ ಭೇಟಿಗೆ ದದ್ದಿನ ಕೋಡ್ ಆರ್21ರಂತಹ ಲಕ್ಷಣದ ಕೋಡ್ ಬಳಸಬೇಕು. ಆದರೆ ಪ್ರಯೋಗಾಲಯದ ವರದಿ ಇಲ್ಲದಿದ್ದರೂ ವೈದ್ಯರು ಕಣ್ಣಾರೆ ನೋಡಿ ‘ಟೀನಿಯಾ ಪೀಡಿಸ್’ (ಪಾದದ ಹುಳುಕಡ್ಡಿ) ಎಂದು ನಿಶ್ಚಯವಾಗಿ ಬರೆದಿದ್ದರೆ ಅದು ಕೋಡ್‌ಗೆ ಸಾಕು. ಇದಕ್ಕೆ ವ್ಯತಿರಿಕ್ತವಾಗಿ, ಪ್ರಯೋಗಾಲಯದ ಚೀಟಿಯಲ್ಲಿನ ಫಲಿತಾಂಶವನ್ನು ಓದಿ ಕೋಡರ್ ತಾನೇ ರೋಗವನ್ನು ನಿರ್ಧರಿಸಬಾರದು. ಟಿಪ್ಪಣಿಗೂ ವರದಿಗೂ ತಾಳೆಯಾಗದಿದ್ದರೆ ವೈದ್ಯರಿಗೆ ಬರವಣಿಗೆಯಲ್ಲಿ ಪ್ರಶ್ನೆ ಕಳಿಸಿ, ಉತ್ತರವನ್ನು ಕಡತದಲ್ಲಿ ಸೇರಿಸಬೇಕು. ಮಧುಮೇಹವೋ ರೋಗನಿರೋಧಕ ಶಕ್ತಿಯ ಕೊರತೆಯೋ ಇದ್ದು ಅದು ಚಿಕಿತ್ಸೆಯ ಮೇಲೆ ಪರಿಣಾಮ ಬೀರುವಂತಿದ್ದರೆ ಅದಕ್ಕೆ ಬೇರೆ ಕೋಡ್ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 2022ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಅದರಲ್ಲಿ ಹುಳುಕಡ್ಡಿಯ ಸೋಂಕುಗಳು 1ಎಫ್28ರ ಅಡಿಯಲ್ಲಿವೆ. ಮುಖ್ಯ ಕೋಡ್‌ಗೆ ಎಡ-ಬಲದ ಭೇದವನ್ನೂ ಸೋಂಕು ತಂದ ಜೀವಿಯನ್ನೂ ಪೂರಕ ಕೋಡ್‌ಗಳ ಮೂಲಕ ಜೋಡಿಸುವ ವ್ಯವಸ್ಥೆ ಅಲ್ಲಿದೆ. ಹೀಗಾಗಿ ಕಲ್ಚರ್ (ಮಾದರಿಯಲ್ಲಿನ ಶಿಲೀಂಧ್ರವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದ್ದರೆ ವಾರಗಳ ನಂತರ ಬರುವ ಪ್ರಭೇದದ ಹೆಸರನ್ನು ಹಳೆಯ ಭೇಟಿಯ ಕಡತಕ್ಕೆ, ಬಂದ ದಿನಾಂಕದೊಂದಿಗೆ ಸೇರಿಸುವ ರೂಢಿಯನ್ನು ಐಸಿಡಿ-10 ಬಳಸುತ್ತಿರುವ ಆಸ್ಪತ್ರೆಗಳು ಈಗಲೇ ಆರಂಭಿಸಬಹುದು.