ಫ್ಲಾರಿಡಾ ಕಡಲತೀರದಿಂದ ನೇಪರ್‌ವಿಲ್‌ಗೆ: ಮೊದಲ ಚಳಿಗಾಲಕ್ಕೆ ಮುನ್ನ

ಫ್ಲಾರಿಡಾದ ವೆನಿಸ್, ಪುಂಟಾ ಗೋರ್ಡಾ, ಸರಸೋಟಾ ಕಡೆಯಿಂದ ಇಲಿನಾಯ್ ರಾಜ್ಯದ ನೇಪರ್‌ವಿಲ್‌ಗೆ, ಶಿಕಾಗೋದ ಇತರ ಪಶ್ಚಿಮ ಉಪನಗರಗಳಿಗೆ ಬರುವ ಕನ್ನಡ ಕುಟುಂಬಗಳು ನಮ್ಮ ಕನ್ನಡ ಕೂಟವನ್ನು ಮೊದಲು ಕೇಳುವುದು ಶಾಲೆಯ ಬಗ್ಗೆ, ಆಮೇಲೆ ಮನೆಯ ಬಗ್ಗೆ. ಚಳಿಯ ವಿಚಾರ ಕೊನೆಗೆ ಬರುತ್ತದೆ. ಮನೆಯಲ್ಲಿರುವ ಅಪ್ಪ ಅಮ್ಮ, ಅತ್ತೆ ಮಾವನ ವಿಚಾರ ಎಷ್ಟೋ ಸಲ ಬರುವುದೇ ಇಲ್ಲ. ಈ ಕ್ರಮ ತಲೆಕೆಳಗಾಗಬೇಕು ಎಂದು ನಮಗೆ ಅನ್ನಿಸುತ್ತದೆ. ಮನೆ ಒಂದು ವರ್ಷ ತಡವಾದರೂ ಸಿಗುತ್ತದೆ, ಶಾಲೆಗಳು ಇಲ್ಲಿ ಎಲ್ಲ ಕಡೆಯೂ ಚೆನ್ನಾಗಿವೆ. ಮೊದಲ ಚಳಿಗಾಲಕ್ಕೆ ಮುನ್ನ ಹಿರಿಯರಿಗೆ ನಾಲ್ಕು ಜನರ ಪರಿಚಯ ಆಗದೆ ಹೋದರೆ ಮಾತ್ರ ಆ ಐದು ತಿಂಗಳು ಬಹಳ ಕಷ್ಟ.

ನೀವು ಬಿಟ್ಟು ಬರುತ್ತಿರುವ ಊರನ್ನೇ ನೋಡಿ. ವೆನಿಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನ 60 ದಾಟಿದವರು. ಬೆಳಿಗ್ಗೆ ಸಮುದ್ರದ ದಂಡೆಗೆ ಹೋದರೆ ಮಾತಾಡಿಸುವವರು ಇರುತ್ತಾರೆ, ಪಕ್ಕದ ಮನೆಯವರು ಮಧ್ಯಾಹ್ನವೂ ಮನೆಯಲ್ಲೇ ಇರುತ್ತಾರೆ. ಅಲ್ಲಿಗೆ ಚಳಿಗಾಲ ಕಳೆಯಲು ಬರುವವರಲ್ಲಿ ಇಲಿನಾಯ್, ಮಿಶಿಗನ್, ಒಹಾಯೊದವರೇ ಬಹಳ. ಅವರು ಬಿಟ್ಟು ಓಡುವ ಚಳಿಯೊಳಕ್ಕೆ ನೀವು ಬರುತ್ತಿದ್ದೀರಿ. ನೇಪರ್‌ವಿಲ್‌ನಲ್ಲಿ 2020ರ ಜನಗಣತಿಯ ಪ್ರಕಾರ ಸುಮಾರು ಒಂದೂವರೆ ಲಕ್ಷ ಜನ. ಹೆಚ್ಚಿನವರು ದುಡಿಯುವ ವಯಸ್ಸಿನವರು, ಶಾಲೆಗೆ ಹೋಗುವ ಮಕ್ಕಳಿರುವವರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬೀದಿಯಲ್ಲಿ ಜನ ಕಾಣುವುದಿಲ್ಲ. ಊರು ಒಳ್ಳೆಯದು, ಜನ ಒಳ್ಳೆಯವರು. ಆದರೆ ಬಳಗ ಇಲ್ಲಿ ತಾನಾಗಿ ಸಿಗುವುದಿಲ್ಲ, ಹುಡುಕಿಕೊಂಡು ಹೋಗಬೇಕು.

ಯಾವಾಗ ಬರಬೇಕು

ಸಾಧ್ಯವಾದರೆ ಜೂನ್ ಅಥವಾ ಜುಲೈನಲ್ಲಿ ಬನ್ನಿ. ಶಾಲೆ ಆಗಸ್ಟ್ ನಡುವಿನಲ್ಲಿ ಶುರುವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಕ್ಟೋಬರ್‌ವರೆಗೆ ಹಿರಿಯರು ಹೊರಗೆ ಓಡಾಡಿ ದಾರಿ, ಅಂಗಡಿ, ದೇವಸ್ಥಾನ, ಜನ ಎಲ್ಲವನ್ನೂ ಗುರುತು ಮಾಡಿಕೊಳ್ಳಲು ಸಮಯ ಸಿಗುತ್ತದೆ. ಡಿಸೆಂಬರ್‌ನಲ್ಲಿ ಬಂದಿಳಿದ ಮನೆಗಳಲ್ಲಿ ಅಮ್ಮಂದಿರು ಮಾರ್ಚ್‌ವರೆಗೆ ಕಿಟಕಿಯಿಂದಲೇ ಊರು ನೋಡಿದ್ದನ್ನು ನಾವು ಕಂಡಿದ್ದೇವೆ.

ಮೊದಲ ವರ್ಷ ಬಾಡಿಗೆ ಮನೆ ಹಿಡಿಯಿರಿ. ಫ್ಲಾರಿಡಾದ ಮನೆ ಮಾರಿದ ದುಡ್ಡು ಕೈಯಲ್ಲಿದ್ದರೂ ಅವಸರ ಬೇಡ. ಯಾವ ರಸ್ತೆಯಲ್ಲಿ ಹಿಮ ಬೇಗ ತೆಗೆಯುತ್ತಾರೆ, ಯಾವ ಬಡಾವಣೆಯ ಬೇಸ್‌ಮೆಂಟ್‌ಗೆ ನೀರು ನುಗ್ಗುತ್ತದೆ, ನಿಮ್ಮ ಮನೆಯವರು ನಿಜವಾಗಿ ಯಾವ ಕಡೆ ಹೆಚ್ಚು ಓಡಾಡುತ್ತೀರಿ ಎನ್ನುವುದೆಲ್ಲ ಒಂದು ಸುತ್ತು ಋತುಗಳನ್ನು ಕಂಡ ಮೇಲೆಯೇ ತಿಳಿಯುವುದು.

ಕರಿಬೇವಿನ ಗಿಡ ತರಬೇಡಿ. ಅಂಗಳದಲ್ಲಿ ಮರದಷ್ಟೆತ್ತರ ಬೆಳೆಸಿದವರಿಗೆ ಇದು ಸಂಕಟದ ಮಾತು ಎಂದು ಗೊತ್ತು. ಆದರೆ ನಿಂಬೆ, ಕಿತ್ತಳೆ ತೋಟಗಳನ್ನು ಹಾಳು ಮಾಡಿದ ಗ್ರೀನಿಂಗ್ ರೋಗವನ್ನು ಹರಡುವ ಸಿಲಿಡ್ ಎಂಬ ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಇಡೀ ಫ್ಲಾರಿಡಾ ಆ ಕಾರಣಕ್ಕೆ ಕ್ವಾರಂಟೈನ್‌ನಲ್ಲಿದೆ, ಅಂಥ ಗಿಡಗಳನ್ನು ಮನಸ್ಸಿಗೆ ಬಂದಂತೆ ರಾಜ್ಯದಿಂದಾಚೆ ಒಯ್ಯುವಂತಿಲ್ಲ. ಇಲ್ಲಿ ಕುಂಡದಲ್ಲಿ ಬೆಳೆಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಒಂದು ಸಸಿ ಕೊಡಿಸುವುದು ನಮ್ಮ ಜವಾಬ್ದಾರಿ. ಮೇ ನಡುವಿನವರೆಗೂ ಅದನ್ನಾಗಲಿ ತುಳಸಿಯನ್ನಾಗಲಿ ಹೊರಗಿಡಬೇಡಿ. ಅಕ್ಟೋಬರ್ ಶುರುವಿಗೇ ಒಳಗೆ ತಂದು ಬಿಸಿಲು ಬೀಳುವ ದಕ್ಷಿಣದ ಕಿಟಕಿಯ ಬಳಿ ಇಡಿ.

ಕಾಗದಪತ್ರ

ಎಚ್-1ಬಿ ವೀಸಾದಲ್ಲಿ ಇರುವವರು ಲಾರಿ ಗೊತ್ತು ಮಾಡುವ ಮೊದಲೇ ಕಂಪನಿಯ ವಕೀಲರೊಂದಿಗೆ ಮಾತಾಡಿ. ಕೆಲಸದ ಜಾಗ ಬೇರೆ ಮಹಾನಗರ ಪ್ರದೇಶಕ್ಕೆ ಬದಲಾದರೆ, ಕಂಪನಿ ಅದೇ ಇದ್ದರೂ ತಿದ್ದುಪಡಿ ಅರ್ಜಿ ಹಾಕಬೇಕು, ಅದೂ ನೀವು ಇಲ್ಲಿ ಕೆಲಸ ಶುರು ಮಾಡುವ ಮುನ್ನ. ಫ್ಲಾರಿಡಾದ ಮನೆಯಿಂದಲೇ ಕೆಲಸ ಮಾಡುತ್ತಿದ್ದು ಈಗ ಇಲ್ಲಿನ ಮನೆಯಿಂದ ಮಾಡುತ್ತೇನೆ ಎನ್ನುವವರಿಗೂ ಇದು ಅನ್ವಯಿಸುತ್ತದೆ. ವೀಸಾದಲ್ಲಿರುವವರು, ಗ್ರೀನ್ ಕಾರ್ಡ್ ಇರುವವರು ಎಲ್ಲರೂ ವಿಳಾಸ ಬದಲಾದ 10 ದಿನದೊಳಗೆ ವಲಸೆ ಇಲಾಖೆಗೆ ಎಆರ್-11 ಎಂಬ ನಮೂನೆಯ ಮೂಲಕ ತಿಳಿಸಬೇಕು. ಮನೆಯಲ್ಲಿ ಎಷ್ಟು ಜನರೋ ಅಷ್ಟೂ ಜನರದ್ದು.

ಕಾರಿನ ನೋಂದಣಿಗೆ 30 ದಿನ, ಚಾಲನಾ ಪರವಾನಗಿಗೆ 90 ದಿನ ಗಡುವು. ಫ್ಲಾರಿಡಾದಲ್ಲಿ ಕಾರಿನ ಹಿಂಬದಿಗೆ ಒಂದೇ ನಂಬರ್ ಪ್ಲೇಟ್ ಸಾಕು. ಇಲ್ಲಿ ಮುಂದೆಯೂ ಬೇಕು, ಮುಂದಿನ ಬಂಪರ್‌ಗೆ ಪ್ಲೇಟ್ ಕೂರಿಸುವ ಪಟ್ಟಿ ಹಾಕಿಸಬೇಕಾಗಬಹುದು. ಅಲ್ಲಿ ಇಲ್ಲದ ಹೊಗೆ ಪರೀಕ್ಷೆ ಶಿಕಾಗೋ ಸುತ್ತಮುತ್ತ ಇದೆ. ಪರೀಕ್ಷೆಗೆ ಶುಲ್ಕವಿಲ್ಲ, ನೋಟಿಸ್ ಬಂದಾಗ ತಪ್ಪಿಸಬೇಡಿ. ಟೋಲ್‌ಗೆ ನಿಮ್ಮಲ್ಲಿ ಸನ್‌ಪಾಸ್ ಪ್ರೊ ಇದ್ದರೆ ಇಲ್ಲಿಯೂ ನಡೆಯುತ್ತದೆ. ಗಾಜಿಗೆ ಅಂಟಿಸುವ ಸಾದಾ ಸ್ಟಿಕರ್ ಇದ್ದರೆ ನಡೆಯುವುದಿಲ್ಲ, ಐ-ಪಾಸ್ ತೆಗೆದುಕೊಳ್ಳಿ.

ತೆರಿಗೆಯ ಲೆಕ್ಕ ಕೂತು ಹಾಕಿ. ಫ್ಲಾರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಇಲ್ಲಿ ಎಲ್ಲರಿಗೂ ಒಂದೇ ದರ, ಶೇ. 4.95. ಆಸ್ತಿ ತೆರಿಗೆ ಮನೆ ಬೆಲೆಯ ಶೇ. 2ರ ಆಸುಪಾಸು. ನಿಮ್ಮ ಹಳೆಯ ಮನೆಗೆ ಅಲ್ಲಿ ತೆರಿಗೆಗೆ ಲೆಕ್ಕ ಹಾಕುವ ಮೌಲ್ಯ ವರ್ಷಕ್ಕೆ ಶೇ. 3ಕ್ಕಿಂತ ಹೆಚ್ಚು ಏರದಂತೆ ಇದ್ದ ರಕ್ಷಣೆ ಇಲ್ಲಿಗೆ ಬರುವುದಿಲ್ಲ. ಬೆಲೆ ನೋಡಿ ಮನೆ ಆರಿಸಿ, ತೆರಿಗೆ ಬಿಲ್ ಕಂಡ ಮೇಲೆ ಹಿಂದೆಗೆದವರಿದ್ದಾರೆ. ನಿವೃತ್ತರಿಗೆ ಒಂದು ಸಮಾಧಾನ: ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೂ, ನಿವೃತ್ತಿ ಖಾತೆಯಿಂದ ನಿಯಮದಂತೆ ತೆಗೆಯುವ ಹಣಕ್ಕೂ ಇಲಿನಾಯ್ ತೆರಿಗೆ ಹಾಕುವುದಿಲ್ಲ. ಮನೆ 65 ತುಂಬಿದವರ ಹೆಸರಿನಲ್ಲಿದ್ದು ಅವರೇ ಅಲ್ಲಿ ವಾಸಿಸುತ್ತಿದ್ದರೆ ಆಸ್ತಿ ತೆರಿಗೆಯಲ್ಲಿ ಹಿರಿಯರ ವಿನಾಯಿತಿ ಸಿಗುತ್ತದೆ. ಅರ್ಜಿ ನೀವೇ ಹಾಕಬೇಕು.

ಮನೆ ಮತ್ತು ಶಾಲೆ

ವಿಳಾಸದಲ್ಲಿ ನೇಪರ್‌ವಿಲ್ ಎಂದಿದ್ದ ಮಾತ್ರಕ್ಕೆ ನೇಪರ್‌ವಿಲ್ ಶಾಲೆ ಎಂದುಕೊಳ್ಳಬೇಡಿ. ಊರಿನ ಒಂದು ಭಾಗ 203ನೇ ಶಾಲಾ ಜಿಲ್ಲೆ, ಇನ್ನೊಂದು ಭಾಗ ಇಂಡಿಯನ್ ಪ್ರೇರಿ 204, ದಕ್ಷಿಣದ ಕೆಲವು ಮನೆಗಳು ಪ್ಲೇನ್‌ಫೀಲ್ಡ್ 202ಕ್ಕೆ ಸೇರುತ್ತವೆ. 204ರ ವಾಬಾನ್ಸಿ ವ್ಯಾಲಿ, ಮಟಿಯಾ ವ್ಯಾಲಿ ಹೈಸ್ಕೂಲುಗಳು ಇರುವುದೇ ಅರೋರಾದಲ್ಲಿ. ಮನೆ ನೋಡುವಾಗ ಆ ಮನೆ ಸಂಖ್ಯೆಯನ್ನೇ ಕೊಟ್ಟು ಶಾಲಾ ಜಿಲ್ಲೆಯ ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಿ. ಬೇರೆ ರಾಜ್ಯದಿಂದ ಬಂದ ಮಕ್ಕಳಿಗೆ ಇಲಿನಾಯ್ ನಮೂನೆಯಲ್ಲೇ ವೈದ್ಯರ ತಪಾಸಣೆ ಮತ್ತು ಲಸಿಕೆಯ ದಾಖಲೆ ಕೇಳುತ್ತಾರೆ. ಮೊದಲ ಸಲ ಇಲ್ಲಿನ ಶಾಲೆಗೆ ಸೇರುವಾಗ ಕಣ್ಣಿನ ಪರೀಕ್ಷೆಯೂ ಬೇಕು. ಅಲ್ಲಿನ ಮಕ್ಕಳ ವೈದ್ಯರಿಂದ ಪೂರ್ತಿ ಲಸಿಕೆ ಪಟ್ಟಿ ತೆಗೆದುಕೊಂಡೇ ಹೊರಡಿ.

ಬೇಸ್‌ಮೆಂಟ್ ನಿಮಗೆ ಹೊಸದು. ನೆಲದಡಿಯ ನೀರನ್ನು ಹೊರಗೆ ಹಾಕುವ ಸಂಪ್ ಪಂಪ್ ಎಲ್ಲಿದೆ, ಕರೆಂಟ್ ಹೋದರೆ ನಡೆಸಲು ಬ್ಯಾಟರಿ ಇದೆಯೇ ನೋಡಿ. ಸಾಮಾನ್ಯ ಮನೆ ವಿಮೆಯಲ್ಲಿ ಚರಂಡಿ ನೀರು ಹಿಂದಕ್ಕೆ ಉಕ್ಕಿದ ನಷ್ಟ ಸೇರಿರುವುದಿಲ್ಲ, ಕೇಳಿ ಸೇರಿಸಿಕೊಳ್ಳಿ. ನೆಲದಿಂದ ಮನೆಯೊಳಕ್ಕೆ ಸೇರುವ, ವಿಕಿರಣ ಸೂಸುವ ರೇಡಾನ್ ಅನಿಲದ ಪರೀಕ್ಷೆ ಮಾಡಿಸದೆ ಮನೆ ಕೊಳ್ಳಬೇಡಿ. ಹಿರಿಯರಿದ್ದರೆ ಕೆಳಗಿನ ಅಂತಸ್ತಿನಲ್ಲೇ ಒಂದು ಮಲಗುವ ಕೋಣೆ, ಪೂರ್ತಿ ಸ್ನಾನದ ಮನೆ ಇರುವ ಮನೆಯನ್ನೇ ಹುಡುಕಿ. ಅಲ್ಲಿ ಒಂದೇ ಅಂತಸ್ತಿನ ಮನೆಗಳಲ್ಲಿ ಇದ್ದವರಿಗೆ ಇಲ್ಲಿನ ಮೆಟ್ಟಿಲುಗಳು ಮೊದಲ ವಾರದಲ್ಲೇ ಮಂಡಿಗೆ ತಿಳಿಯುತ್ತವೆ. ಸಂಖ್ಯೆಯಲ್ಲಿ ಕಡಿಮೆಯಾದರೂ ಅಂಥ ಮನೆಗಳು ಸಿಗುತ್ತವೆ, ಕಾಯಿರಿ.

ಶಿಕಾಗೋ ಡೌನ್‌ಟೌನ್‌ನಲ್ಲಿ ಕೆಲಸವಿದ್ದರೆ ಅರೋರಾದಿಂದ ಯೂನಿಯನ್ ಸ್ಟೇಷನ್‌ಗೆ ಹೋಗುವ ಮೆಟ್ರಾ ರೈಲಿಗೆ ನೇಪರ್‌ವಿಲ್ ಮತ್ತು ರೂಟ್ 59 ನಿಲ್ದಾಣಗಳಿವೆ.

ಬಿರುಗಾಳಿ

ಹರಿಕೇನ್‌ಗೆ ದಿನಗಟ್ಟಲೆ ಮುನ್ಸೂಚನೆ ಸಿಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಇಯನ್ ಬಂದಾಗ ಊರು ಬಿಟ್ಟು ಹೋಗಲು ಸಮಯವಿತ್ತು. ಇಲ್ಲಿನ ಸುಂಟರಗಾಳಿಗೆ ಸಿಗುವುದು ನಿಮಿಷಗಳು. 2021ರ ಜೂನ್ 20ರ ರಾತ್ರಿ ನೇಪರ್‌ವಿಲ್, ವುಡ್‌ರಿಡ್ಜ್ ಮೇಲೆ ಇಎಫ್-3 ತೀವ್ರತೆಯ ಸುಂಟರಗಾಳಿ ಹಾದುಹೋಗಿ ಮನೆಗಳಿಗೆ ಭಾರಿ ಹಾನಿಯಾಯಿತು. ಸೈರನ್ ಕೂಗಿದರೆ ಹೊರಗೆ ಬಂದು ಆಕಾಶ ನೋಡಬೇಡಿ, ಎಲ್ಲರೂ ಬೇಸ್‌ಮೆಂಟ್‌ಗೆ ಇಳಿಯಿರಿ. ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ 10ಕ್ಕೆ ಕೂಗುವುದು ಪರೀಕ್ಷೆಗೆ. ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ತಾತನಿಗೆ ಇದನ್ನು ಮೊದಲೇ ಹೇಳಿಡದಿದ್ದರೆ ಗಾಬರಿಯಾಗುತ್ತಾರೆ.

ಚಳಿ

ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ ಏಳೆಂಟು ಡಿಗ್ರಿ ಸೆಲ್ಸಿಯಸ್ ಕೆಳಗಿರುವುದು ಮಾಮೂಲು. 2019ರ ಜನವರಿ 30ರಂದು ಶಿಕಾಗೋದಲ್ಲಿ ಮೈನಸ್ 31ರ ಹತ್ತಿರಕ್ಕೆ ಇಳಿದಿತ್ತು. ಅಂಥ ದಿನಗಳು ಅಪರೂಪ, ಆ ದಿನ ಹೊರಗೆ ಹೋಗದಿದ್ದರೆ ಆಯಿತು. ದಿನನಿತ್ಯದ ಚಳಿಗೆ ಒಂದು ದಪ್ಪ ಕೋಟಿಗಿಂತ ಪದರ ಪದರವಾಗಿ ಹಾಕುವ ಬಟ್ಟೆ ಒಳ್ಳೆಯದು: ಮೈಗಂಟುವ ಥರ್ಮಲ್, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ದುಡ್ಡು ಹಾಕುವುದಿದ್ದರೆ ಹಿರಿಯರ ಬೂಟಿಗೆ ಹಾಕಿ. ಇಲ್ಲಿ ಹಿಮಕ್ಕಿಂತ ಅಪಾಯ ಅದು ಕರಗಿ ಮತ್ತೆ ಗಟ್ಟಿಯಾದ ಕಾಣದ ಮಂಜುಗಡ್ಡೆ. ಸೊಂಟ, ಮಣಿಕಟ್ಟು ಮುರಿಯುವುದು ಮನೆಮುಂದಿನ ಹತ್ತು ಹೆಜ್ಜೆಯಲ್ಲೇ. ಮಂಜುಗಡ್ಡೆಯ ಮೇಲೆ ಎರಚಲು ಬಾಗಿಲ ಬಳಿ ಸದಾ ಒಂದು ಡಬ್ಬ ಉಪ್ಪು ಇರಲಿ.

ಫ್ಲಾರಿಡಾದಿಂದ ತಂದ ಕಾರಿನ ಗಾಜು ತೊಳೆಯುವ ದ್ರವವನ್ನು ನವೆಂಬರ್‌ಗೆ ಮುನ್ನ ಖಾಲಿ ಮಾಡಿಸಿ ಚಳಿಗಾಲದ್ದನ್ನು ತುಂಬಿಸಿ, ಇಲ್ಲದಿದ್ದರೆ ಹೆದ್ದಾರಿಯಲ್ಲಿ ಗಾಜಿನ ಮೇಲೇ ಹೆಪ್ಪುಗಟ್ಟುತ್ತದೆ. ಬ್ಯಾಟರಿ, ಕೂಲೆಂಟ್, ಟೈರ್ ಮೂರನ್ನೂ ತೋರಿಸಿ. ಹೊರಗಿನ ನಲ್ಲಿಗೆ ಸಿಕ್ಕಿಸಿದ ಪೈಪ್ ಬಿಚ್ಚಿಡಿ, ಬಿಚ್ಚದಿದ್ದರೆ ಗೋಡೆಯೊಳಗಿನ ಕೊಳವೆ ಒಡೆಯಬಹುದು. ಹೀಟರ್ ನಡೆಯುವ ತಿಂಗಳುಗಳಲ್ಲಿ ಮನೆಯ ಗಾಳಿ ಒಣಗಿ ಮೂಗಿನಲ್ಲಿ ರಕ್ತ ಬರುವುದು, ಚರ್ಮ ಬಿರಿಯುವುದು ಉಂಟು, ಹ್ಯುಮಿಡಿಫೈಯರ್ ಬೇಕು. ದೋಸೆ ಹಿಟ್ಟು ಹುದುಗದಿದ್ದರೆ ಒವನ್ ಬಿಸಿ ಮಾಡದೆ ಅದರ ದೀಪವನ್ನಷ್ಟೇ ಹಚ್ಚಿ ರಾತ್ರಿ ಒಳಗಿಡಿ, ಬೆಳಿಗ್ಗೆಗೆ ಉಬ್ಬಿರುತ್ತದೆ.

ಚಳಿಗಿಂತ ಜನರನ್ನು ಕುಗ್ಗಿಸುವುದು ಕತ್ತಲೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಸಮುದ್ರದಂಚಿನ ಬೆಳಕಿಗೆ ಒಗ್ಗಿದ ಹಿರಿಯರು ಮಾತು ಕಡಿಮೆ ಮಾಡಿದರೆ, ಹಗಲಲ್ಲೇ ಮಲಗತೊಡಗಿದರೆ, ಊಟ ಸೇರುವುದಿಲ್ಲ ಎಂದರೆ ವಯಸ್ಸಾಯಿತು ಎಂದು ಬಿಡಬೇಡಿ. ವೈದ್ಯರಿಗೆ ಹೇಳಿ. ವಿಟಮಿನ್ ಡಿ ಪರೀಕ್ಷೆಯನ್ನೂ ಕೇಳಿ.

ಹಿರಿಯರು

ಮೊದಲು ವಿಮೆ. ಹಿರಿಯರಿಗೆ ಸರ್ಕಾರವೇ ಕೊಡುವ ಆರೋಗ್ಯ ವಿಮೆಯಾದ ಮೂಲ ಮೆಡಿಕೇರ್ ಎಲ್ಲ ರಾಜ್ಯಗಳಲ್ಲೂ ನಡೆಯುತ್ತದೆ. ಆದರೆ ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆ ಕೌಂಟಿಗೆ ಕಟ್ಟುಬಿದ್ದದ್ದು, ಸರಸೋಟಾ ಕೌಂಟಿಯದ್ದು ಇಲ್ಲಿನ ಡುಪೇಜ್ ಕೌಂಟಿಯಲ್ಲಿ ನಡೆಯುತ್ತದೆ ಎಂದುಕೊಳ್ಳಬೇಡಿ. ಹೊರಡುವ ಮುನ್ನವೇ ಯೋಜನೆಯವರಿಗೆ ತಿಳಿಸಿದರೆ, ಸ್ಥಳಾಂತರದ ಹಿಂದಿನ ತಿಂಗಳಿಂದ ಹಿಡಿದು ಬಂದ ತಿಂಗಳ ನಂತರದ ಎರಡು ಪೂರ್ತಿ ತಿಂಗಳವರೆಗೆ ಹೊಸದನ್ನು ಆರಿಸಿಕೊಳ್ಳಬಹುದು. ಭಾರತದಿಂದ ಬಂದು ಗ್ರೀನ್ ಕಾರ್ಡ್ ಪಡೆದ, ಇಲ್ಲಿ ದುಡಿಯದ ತಂದೆ ತಾಯಿಗಳು 65 ತುಂಬಿ, ಸತತ ಐದು ವರ್ಷ ಅಮೆರಿಕದಲ್ಲಿ ವಾಸಿಸಿದ್ದರೆ ದುಡ್ಡು ಕಟ್ಟಿ ಮೆಡಿಕೇರ್ ಸೇರಬಹುದು. ಎರಡು ಮೂರು ತಿಂಗಳ ಮಾತ್ರೆ ಕೈಯಲ್ಲಿ ಇಟ್ಟುಕೊಂಡು ಬನ್ನಿ, ಹೊಸ ವೈದ್ಯರ ಮೊದಲ ಭೇಟಿಗೆ ವಾರಗಟ್ಟಲೆ ಕಾಯಬೇಕಾಗುತ್ತದೆ.

ನಡಿಗೆಯ ಅಭ್ಯಾಸ ತಪ್ಪಬಾರದು. ಅಕ್ಟೋಬರ್‌ವರೆಗೆ ಡುಪೇಜ್ ನದಿಯ ಪಕ್ಕದ ರಿವರ್‌ವಾಕ್ ಇದೆ, ಸಮತಟ್ಟು, ಕೂರಲು ಬೆಂಚುಗಳಿವೆ. ಆಮೇಲೆ ಪಾರ್ಕ್ ಡಿಸ್ಟ್ರಿಕ್ಟ್‌ನ ಫೋರ್ಟ್ ಹಿಲ್ ಆಕ್ಟಿವಿಟಿ ಸೆಂಟರ್‌ನಲ್ಲಿ ಒಳಾಂಗಣ ನಡಿಗೆಯ ಪಥವಿದೆ. ಗ್ರಂಥಾಲಯಕ್ಕೆ ಮೂರು ಶಾಖೆಗಳು, ಬೆಚ್ಚಗಿರುತ್ತವೆ, ಎಷ್ಟು ಹೊತ್ತು ಕೂತರೂ ಯಾರೂ ಏಳಿ ಎನ್ನುವುದಿಲ್ಲ. ಕನ್ನಡಕ ಮರೆಯದೆ ಒಯ್ಯುವ ತಾತಂದಿರಿಗೆ ಇದು ಎರಡನೇ ಮನೆಯಾಗಿದೆ. ವಾರಾಂತ್ಯದಲ್ಲಿ ಲೆಮಾಂಟ್‌ನ ರಾಮ ದೇವಸ್ಥಾನ, ಅರೋರಾದ ಬಾಲಾಜಿ ದೇವಸ್ಥಾನ. ದರ್ಶನದಷ್ಟೇ ಮುಖ್ಯ ಅಲ್ಲಿನ ಕ್ಯಾಂಟೀನ್, ಪರಿಚಯಗಳು ಬೆಳೆಯುವುದು ಊಟದ ಮೇಜಿನಲ್ಲಿ. ತರಕಾರಿಗೆ ರೂಟ್ 59ರ ಭಾರತೀಯ ಅಂಗಡಿಗಳಿಗೆ ಹೋಗುವಾಗ ಹಿರಿಯರನ್ನೂ ಕರೆದುಕೊಂಡು ಹೋಗಿ, ಬೇಗ ಆಗಲಿ ಎಂದು ಮನೆಯಲ್ಲೇ ಬಿಟ್ಟು ಹೋಗಬೇಡಿ. ಸೊಪ್ಪಿನ ಮುಂದೆ ನಿಂತು ಕನ್ನಡ ಕೇಳಿಸಿ ಹುಟ್ಟಿದ ಸ್ನೇಹಗಳು ನಮ್ಮಲ್ಲಿ ಎಷ್ಟೋ ಇವೆ.

ಕಾರು ಓಡಿಸದವರಿಗೆ ಈ ಊರು ಕಠಿಣ. ಆದ್ದರಿಂದಲೇ ಕೂಟದಲ್ಲಿ ಪಾಳಿ ಮಾಡಿಕೊಂಡು ಹಿರಿಯರನ್ನು ಮನೆಯಿಂದ ಕರೆದೊಯ್ಯುವ ಏರ್ಪಾಡು ನಡೆಸುತ್ತಿದ್ದೇವೆ. ಭಜನೆ ಇರುತ್ತದೆ, ಒಮ್ಮೊಮ್ಮೆ ಗಮಕ ವಾಚನ, ಹೆಚ್ಚಿನ ದಿನ ಬರೀ ಕಾಫಿ ಮತ್ತು ಮಾತು. ಮಕ್ಕಳ ಕನ್ನಡ ತರಗತಿಗೆ ಕಥೆ ಹೇಳಲು ಅಜ್ಜ ಅಜ್ಜಿಯರು ಬೇಕೇ ಬೇಕು, ದಯವಿಟ್ಟು ಕಳಿಸಿಕೊಡಿ. ಅವರಿಗೆ ಹೊತ್ತು ಕಳೆಯಲಿ ಎಂದು ಇದನ್ನು ಕೇಳುತ್ತಿಲ್ಲ, ಅವರು ಬಾರದೆ ತರಗತಿ ನಡೆಯುವುದಿಲ್ಲ.

ಹೊರಡುವ ತಿಂಗಳು ಗೊತ್ತಾದ ಕೂಡಲೇ ಕೂಟಕ್ಕೆ ಬರೆಯಿರಿ. ಮನೆಯಲ್ಲಿ ಯಾರ್ಯಾರಿದ್ದೀರಿ, ಹಿರಿಯರ ಊರು ಯಾವುದು, ಅವರಿಗೆ ಯಾವುದರಲ್ಲಿ ಆಸಕ್ತಿ, ಮಕ್ಕಳ ವಯಸ್ಸು ಮತ್ತು ಬೂಟಿನ ಅಳತೆ ಇಷ್ಟು ಸಾಕು. ಬೆಳೆದ ಮಕ್ಕಳಿಗೆ ಸಾಲದಾದ ಜಾಕೆಟ್, ಹಿಮದ ಪ್ಯಾಂಟು, ಬೂಟುಗಳನ್ನು ತೊಳೆದು ಇಟ್ಟುಕೊಂಡ ಮನೆಗಳಿವೆ. ಮೊದಲ ವಾರದ ಊಟವನ್ನು ನಿಮ್ಮ ಹತ್ತಿರದ ಮನೆಯವರು ತಂದುಕೊಡುತ್ತಾರೆ, ಹಾಲಿಗೆ ಹೆಪ್ಪು ಹಾಕಲು ಮೊಸರೂ ಅದರಲ್ಲಿರುತ್ತದೆ.