ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ

ನಲ್ಲಿಗೆ ನೀರು ಬಿಟ್ಟ ದಿನ ಬಳ್ಳಾರಿಯ ಮನೆಗಳಲ್ಲಿ ತೊಳೆಯುವ ಸಂಭ್ರಮವೇ ಬೇರೆ. ಸಂಪು ತುಂಬುತ್ತಿರುವಾಗಲೇ ಅಂಗಳ, ಬಚ್ಚಲು, ಕೊಡ, ಸ್ಕೂಟರು ಎಲ್ಲಕ್ಕೂ ಸ್ನಾನವಾಗುತ್ತದೆ. ಅದೇ ಹುರುಪಿನಲ್ಲಿ ಮೀನಿನ ತೊಟ್ಟಿಯ ಫಿಲ್ಟರನ್ನೂ ಬಿಚ್ಚಿ, ಒಳಗಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ತಿಳಿನೀರು ಬರುವವರೆಗೂ ಹಿಂಡುವವರಿದ್ದಾರೆ. ಹತ್ತೊಂಬತ್ತು ವರ್ಷಗಳ ಹಿಂದೆ ನಾನೂ ಹಾಗೆಯೇ ಮಾಡಿದ್ದೆ. ಯುಗಾದಿಗೆ ಎರಡು ದಿನ ಮುಂಚೆ ತೊಟ್ಟಿ ಖಾಲಿ ಮಾಡಿ, ಹರಳುಗಲ್ಲುಗಳನ್ನು ಉಜ್ಜಿ, ಸ್ಪಂಜನ್ನು ತೊಳೆದು ಮಾಳಿಗೆಯ ಬಿಸಿಲಿಗೆ ಒಣಹಾಕಿದ್ದೆ. ಹಬ್ಬದ ದಿನ ತೊಟ್ಟಿಯಲ್ಲಿ ನೀರಿದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು. ಹಬ್ಬದ ಮರುದಿನ ಬೆಳಿಗ್ಗೆ ಐದೂ ಗೋಲ್ಡ್‌ಫಿಶ್‌ಗಳು ಮೇಲಕ್ಕೆ ಬಂದು, ಬಾಯಿ ತೆರೆದು ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿದ್ದವು. ಕಿವಿರುಗಳು ಕೆಂಪೇರಿದ್ದವು. ಸಂಜೆಯ ಹೊತ್ತಿಗೆ ಉಳಿದದ್ದು ಎರಡು.

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವಳು ನಾನು. ಸಾರಜನಕ ಚಕ್ರವನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೆ ಆ ಕಂದು ಬಣ್ಣದ ಸ್ಪಂಜಿನಲ್ಲಿ ತಿರುಗುತ್ತಿದ್ದದ್ದು ಅದೇ ಚಕ್ರ ಎಂಬುದು ಅಂದೇ ನನಗೆ ಕಣ್ಣಿಗೆ ಕಟ್ಟಿದ್ದು. ಆ ಮೂರು ಮೀನುಗಳ ನೋವು ಇನ್ನೂ ಮನಸ್ಸಿನಲ್ಲಿದೆ. ಹೊಸದಾಗಿ ತೊಟ್ಟಿ ತಂದವರು ಕಂಡರೆ ಮೊದಲು ಸ್ಪಂಜಿನ ವಿಷಯವನ್ನೇ ಎತ್ತುತ್ತೇನೆ.

ದನದ ಕೊಟ್ಟಿಗೆಯ ಬಾಗಿಲನ್ನು ಬೆಳಿಗ್ಗೆ ತೆರೆದಾಗ ಮೂಗಿಗೆ ಅಡರುವ ಘಾಟು ಅಮೋನಿಯಾದ್ದು. ಮೀನು ಕೂಡ ಅದನ್ನೇ, ಬಹುಪಾಲು ಕಿವಿರುಗಳ ಮೂಲಕ, ಹಗಲೂ ರಾತ್ರಿ ನೀರಿಗೆ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಕಾಳು ಕೊಳೆತರೂ ಹುಟ್ಟುವುದು ಅದೇ. ತುಂಗಭದ್ರೆಯಲ್ಲಾದರೆ ಹರಿದು ಹೋಗುತ್ತದೆ, ನಾಲ್ಕು ಗಾಜಿನ ಗೋಡೆಗಳ ನಡುವೆ ಎಲ್ಲಿಗೆ ಹೋಗಬೇಕು? ಸ್ಪಂಜಿನ ಸಂದುಗೊಂದುಗಳಿಗೆ ಅಂಟಿಕೊಂಡಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ಮೀನಿಗೆ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿಸುತ್ತವೆ. ನೈಟ್ರೇಟಿನ ಬಾಧೆ ಬಹಳ ಕಡಿಮೆ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಪುಸ್ತಕಗಳಲ್ಲಿ ನೈಟ್ರೊಸೊಮೊನಾಸ್, ನೈಟ್ರೊಸ್ಪೈರಾ ಎಂಬ ಹೆಸರುಗಳು ಸಿಗುತ್ತವೆ. ಹಳೆಯ ಕೊಟ್ಟಿಗೆಗಳ ಮಣ್ಣುಗೋಡೆಯ ಬುಡದಲ್ಲಿ ಬೆಳ್ಳಗೆ ಏಳುವ ಪೆಟ್ಲುಪ್ಪನ್ನು ನೋಡಿದ್ದರೆ, ಇದೇ ಬಳಗದ ಕೆಲಸವನ್ನು ನೀವು ಆಗಲೇ ನೋಡಿದ್ದೀರಿ. ಗಂಜಲದ ಅಮೋನಿಯಾವನ್ನು ಅಲ್ಲಿ ನೈಟ್ರೇಟ್ ಮಾಡಿದವೂ ಇಂಥ ಮಣ್ಣಿನ ಜೀವಿಗಳೇ.

ಹಾಗಾಗಿ ಸ್ಪಂಜನ್ನು ತೊಳೆಯುವ ಕ್ರಮ ಬೇರೆ. ನೀರು ಬದಲಿಸುವ ದಿನ ತೊಟ್ಟಿಯಿಂದ ತೆಗೆದ ಹಳೆಯ ನೀರನ್ನೇ ಒಂದು ಬಕೆಟಿನಲ್ಲಿ ಇಟ್ಟುಕೊಳ್ಳಿ. ಸ್ಪಂಜನ್ನು ಅದರಲ್ಲಿ ಮುಳುಗಿಸಿ ಎರಡು ಮೂರು ಸಲ ಮೆಲ್ಲಗೆ ಒತ್ತಿ ಬಿಡಿ. ನೀರು ಚಹಾದಂತೆ ಕಂದಾಗುತ್ತದೆ, ಅಷ್ಟಕ್ಕೇ ನಿಲ್ಲಿಸಬೇಕು. ಸ್ಪಂಜು ಇನ್ನೂ ಕಂದಾಗಿಯೇ ಇರಲಿ, ನೀರು ಸರಾಗವಾಗಿ ಹಾಯ್ದರೆ ಸಾಕು. ಆಮೇಲೆ ಮೂಸಿ ನೋಡಿ. ಮೊದಲ ಮಳೆ ಬಿದ್ದ ಎರೆಹೊಲದ ವಾಸನೆ ಬಂದರೆ ಒಳಗೆ ಎಲ್ಲವೂ ಕ್ಷೇಮ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿಯಿಲ್ಲದೆ ಆ ಬಳಗ ಸೊರಗಿದೆ, ಬೇರೆ ಜೀವಿಗಳು ಸೇರಿಕೊಂಡಿವೆ ಎಂದು ತಿಳಿಯಬೇಕು. ಬಕೆಟಿನ ಕಂದು ನೀರನ್ನು ಚೆಲ್ಲಬೇಡಿ. ನನ್ನ ಕರಿಬೇವಿನ ಗಿಡ ಅದರಿಂದಲೇ ಹತ್ತು ಅಡಿ ಬೆಳೆದಿದೆ. ಸೋಪು, ಪುಡಿ, ಬಿಸಿನೀರು, ಬಿಸಿಲು, ಇವು ನಾಲ್ಕೂ ಸ್ಪಂಜಿನ ಹತ್ತಿರ ಸುಳಿಯಬಾರದು.

ನಲ್ಲಿಯ ನೀರಿನ ದೋಷ ಕ್ಲೋರಿನ್. ನಮ್ಮ ಊರಿಗೆ ತುಂಗಭದ್ರೆಯ ನೀರು ಕಾಲುವೆಯಿಂದ ಬಂದು, ಅಲ್ಲೀಪುರದಂತಹ ಕೆರೆಗಳಲ್ಲಿ ನಿಂತು, ಶುದ್ಧೀಕರಣವಾಗಿ ಮನೆಗೆ ಬರುತ್ತದೆ. ರೋಗಾಣುಗಳನ್ನು ಕೊಲ್ಲಲು ಹಾಕಿದ ಕ್ಲೋರಿನ್ ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎಂಬುದು ಕುಡಿಯುವ ನೀರಿನ ಮಾನದಂಡ. ನಮ್ಮ ಹೊಟ್ಟೆಗೆ ಅದು ಕಾವಲು, ಸ್ಪಂಜಿಗೆ ಮಾರಿ. ಅಗಲ ಬಾಯಿಯ ಬಕೆಟಿನಲ್ಲಿ ನೀರು ಹಿಡಿದು 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿ ಹೋಗುತ್ತದೆ. ಅವಸರವಿದ್ದರೆ ಮೀನಿನ ಅಂಗಡಿಯಲ್ಲಿ ಸಿಗುವ, ಕ್ಲೋರಿನ್ ಕಳೆಯುವ ದ್ರಾವಣವನ್ನು ಅದರ ಮೇಲೆ ಬರೆದ ಅಳತೆಯಂತೆ ಹಾಕಬೇಕು. ಸಂಪಿಗೆ ಬ್ಲೀಚಿಂಗ್ ಪುಡಿ ಹಾಕಿದ ವಾರ ತೊಟ್ಟಿಯ ತಂಟೆಗೇ ಹೋಗಬೇಡಿ.

ಬೋರಿನ ನೀರಾದರೆ ಕ್ಲೋರಿನ್ ಇರುವುದಿಲ್ಲ, ಆದರೆ ನಮ್ಮ ಕಡೆ ಅದು ಗಡಸು. ಈ ಬ್ಯಾಕ್ಟೀರಿಯಾಗಳಿಗೆ ಗಡಸು ನೀರು ಹಿತವೇ. ಆದರೂ ಒಂದು ಅಪಾಯವಿದೆ. ಗಡಸು ನೀರಿನಲ್ಲಿ ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಎಂಬುದರ ಅಳತೆ, ಸಾಮಾನ್ಯವಾಗಿ ಮೇಲಿರುತ್ತದೆ. ಅದು 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ, ಬಿಸಿ ಏರಿದರೆ ಇನ್ನಷ್ಟು. ಮೆದು ನೀರಿನ ಊರಿನಲ್ಲಿ ಮೀನು ಸಹಿಸಿಕೊಳ್ಳುವ ಸಣ್ಣ ಅಚಾತುರ್ಯವೇ ಇಲ್ಲಿ ಪ್ರಾಣಕ್ಕೆ ಬರಬಹುದು.

ಇನ್ನು ಕರೆಂಟು. ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕೇ ಬೇಕು. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 35 ಡಿಗ್ರಿಯಲ್ಲಿ ಅದು 7ರ ಆಸುಪಾಸಿಗೆ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಊರು ನಮ್ಮದು, ಕರೆಂಟು ಹೋಗುವುದೂ ಆಗಲೇ. ಅರ್ಧ ಗಂಟೆಯಾದರೆ ಚಿಂತೆಯಿಲ್ಲ. ಎರಡು ಗಂಟೆ ದಾಟುವಂತಿದ್ದರೆ ಮುಚ್ಚಿದ ಡಬ್ಬಿಯ ಫಿಲ್ಟರಿನಿಂದ ಸ್ಪಂಜನ್ನೂ, ಇದೇ ಬ್ಯಾಕ್ಟೀರಿಯಾ ನೆಲೆಸುವ ಪಿಂಗಾಣಿ ಉಂಗುರಗಳನ್ನೂ ತೆಗೆದು ತೊಟ್ಟಿಯ ನೀರಿಗೇ ಬಿಡಿ, ಒಣಗಲು ಬಿಡಬೇಡಿ. ಆ ದಿನ ಮೀನಿಗೆ ಕಾಳು ಬೇಡ. ತಿನ್ನದ ಮೀನು ಅಮೋನಿಯಾವನ್ನೂ ಕಡಿಮೆ ಬಿಡುತ್ತದೆ. ಚೊಂಬಿನಿಂದ ನೀರು ಮೊಗೆದು ಒಂದು ಗೇಣು ಎತ್ತರದಿಂದ ಮತ್ತೆ ತೊಟ್ಟಿಗೇ ಸುರಿಯುತ್ತಿದ್ದರೆ ಗಾಳಿ ಬೆರೆಯುತ್ತದೆ. ಕರೆಂಟು ಬಂದ ಮೇಲೆ ಡಬ್ಬಿಯಲ್ಲಿ ನಿಂತು ಕೆಟ್ಟ ನೀರನ್ನು ಮೊದಲು ಹೊರಗೆ ಚೆಲ್ಲಿ, ಆಮೇಲೆ ಫಿಲ್ಟರ್ ಹಚ್ಚಬೇಕು. ಇದನ್ನು ಮರೆತರೆ ಆ ಕೆಟ್ಟ ನೀರೆಲ್ಲ ಒಮ್ಮೆಲೇ ಮೀನಿನ ಮೇಲೆ ಬೀಳುತ್ತದೆ. ಬ್ಯಾಟರಿಯ ಗಾಳಿಪಂಪು ಒಂದು ಮನೆಯಲ್ಲಿರಲಿ. ಬಿಲ್ಲು ಉಳಿಸಲು ರಾತ್ರಿ ಫಿಲ್ಟರ್ ಆರಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಸೊಳ್ಳೆಗೆ ಸ್ಪ್ರೇ ಹೊಡೆಯುವ ಕೋಣೆಯಲ್ಲಿ ಗಾಳಿಪಂಪು ಇಡಬಾರದು, ಅದು ಆ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಮೀನಿಗೆ ಕಾಯಿಲೆಯಾದರೆ ಔಷಧಿಯನ್ನು ದೊಡ್ಡ ತೊಟ್ಟಿಗೆ ಸುರಿಯದೆ, ರೋಗಿಯನ್ನು ಬೇರೆ ಟಬ್ಬಿಗೆ ಹಾಕಿ. ಆಂಟಿಬಯೋಟಿಕ್ ಪುಡಿಗೂ ಮಿಥಿಲೀನ್ ಬ್ಲೂಗೂ ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂಬ ಭೇದವಿಲ್ಲ. ಫಿಲ್ಟರಿನ ಒಳಭಾಗವನ್ನು ತಿಂಗಳಿಗೊಮ್ಮೆ ಎಸೆದು ಹೊಸದು ಹಾಕಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಇದ್ದಿಲು ಬದಲಿಸಿ, ಸ್ಪಂಜು ಹರಿದು ಚಿಂದಿಯಾಗುವವರೆಗೂ ಇರಲಿ. ಬದಲಿಸಲೇಬೇಕಾದಾಗ ಹೊಸ ಸ್ಪಂಜನ್ನು ಹಳೆಯದರ ಪಕ್ಕದಲ್ಲಿಯೇ ಒಂದೂವರೆ ತಿಂಗಳು ಇಟ್ಟು, ಆಮೇಲೆ ಹಳೆಯದನ್ನು ತೆಗೆಯಬೇಕು.

ಇಷ್ಟು ದಿನ ಯಾಕೆ ಎಂದರೆ, ಹಾಲಿಗೆ ಹಾಕಿದ ಹೆಪ್ಪು ಬೆಳಗಾಗುವಷ್ಟರಲ್ಲಿ ಮೊಸರಾಗುತ್ತದೆ, ಇವು ಹಾಗಲ್ಲ. ಒಂದು ಎರಡಾಗಲು ಅರ್ಧ ದಿನವೋ ಒಂದು ದಿನವೋ ಬೇಕು. ಹೊಸ ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆದರೆ ಹೆಪ್ಪಿನ ಹಾಗೆ ಇವನ್ನೂ ಪಕ್ಕದ ಮನೆಯಿಂದ ಕೇಳಿ ತರಬಹುದು. ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ಬಂದು, "ದೊಡ್ಡಮ್ಮ, ತೊಟ್ಟಿ ತಂದು ಹದಿನೈದು ದಿನವಾಯಿತು, ಎರಡು ಮೀನು ಸತ್ತುಹೋದವು, ನೀರೂ ಮಬ್ಬಾಗಿದೆ" ಎಂದಳು. ಅವಳ ಮೀನುಗಳಿಗೆ ಒಡಲಲ್ಲಿ ರೋಗವಿಲ್ಲ ಎಂದು ಮೊದಲು ಕೇಳಿ ತಿಳಿದುಕೊಂಡೆ. ನನ್ನ ತೊಟ್ಟಿಯಲ್ಲಿಯೂ ರೋಗದ ಸುಳಿವಿರಲಿಲ್ಲ. ಎರಡು ಸ್ಪಂಜುಗಳಲ್ಲಿ ಒಂದನ್ನು ಅರ್ಧಕ್ಕೆ ಕತ್ತರಿಸಿ, ತೊಟ್ಟಿಯ ನೀರು ತುಂಬಿದ ಸ್ಟೀಲ್ ಡಬ್ಬಿಯಲ್ಲಿಟ್ಟು, "ದಾರಿಯಲ್ಲಿ ಯಾರ ಹತ್ತಿರವೂ ನಿಂತು ಮಾತಾಡಬೇಡ, ನೇರ ಮನೆಗೆ ಹೋಗು" ಎಂದು ಕಳಿಸಿದೆ. ಆ ವಾರವಿಡೀ ದಿನಕ್ಕೆ ಒಂದೇ ಚಿಟಿಕೆ ಕಾಳು ಹಾಕಲು, ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಲು ಹೇಳಿದ್ದೆ. ಎಂಟನೆಯ ದಿನ ಸಂಜೆ ಅವಳು ಅಮೋನಿಯಾ ಪರೀಕ್ಷೆಯ ಕಿರುನಳಿಕೆಯನ್ನು ಹಿಡಿದುಕೊಂಡೇ ನಮ್ಮ ಮನೆಗೆ ಓಡಿ ಬಂದಳು. ಅಮೋನಿಯಾ ಇದ್ದರೆ ಹಸಿರಾಗುವ ಆ ನೀರು ನಿಂಬೆಹಣ್ಣಿನ ಸಿಪ್ಪೆಯಂತೆ ಹಳದಿಯಾಗಿಯೇ ಇತ್ತು.