ಮಳೆ ಬರುವುದರೊಳಗೆ ಮುರುಗಲು

ಹೋದ ವರ್ಷ ಜೂನ್‌ನಲ್ಲಿ ತಂಗಿಯ ಮಗಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. "ದೊಡ್ಡಮ್ಮ, ನೀವು ಕಳಿಸಿದ ಮುರುಗಲು ಹಣ್ಣಲ್ಲಿ ಸಿರಪ್ ಮಾಡಿಟ್ಟಿದ್ದೆ. ನಿನ್ನೆ ರಾತ್ರಿ ಬಾಟಲಿ ಮುಚ್ಚಳ ಟಪ್ ಅಂತ ಹಾರಿತು. ಗೋಡೆಯೆಲ್ಲ ಕೆಂಪು!" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಸಕ್ಕರೆ ಎಷ್ಟು ಹಾಕಿದ್ದೆ ಮಾರಾಯ್ತಿ ಅಂತ ಕೇಳಿದೆ. ಸಕ್ಕರೆ ಜಾಸ್ತಿ ಒಳ್ಳೆಯದಲ್ಲ ಅಂತ ಅರ್ಧಕ್ಕರ್ಧ ಕಡಿಮೆ ಮಾಡಿದ್ದಳಂತೆ. ಸಿಪ್ಪೆ ತೊಳೆದು ಒರೆಸಿಯೂ ಇರಲಿಲ್ಲ. ಹುದುಗದೆ ಇನ್ನೇನಾಗುತ್ತದೆ?

ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಶಿರಸಿ ಕಡೆಯ ಈ ಮನೆಗೆ ನಾನು ಸೊಸೆಯಾಗಿ ಬಂದು ನಲವತ್ತು ವರ್ಷ ದಾಟಿತು. ಮನೆ ಹಿಂದಿನ ಬೆಟ್ಟದಲ್ಲಿ ನಾಲ್ಕು ಮುರುಗಲು ಮರ ಇವೆ. ನಾವು ಮುರುಗಲು ಅನ್ನುವುದನ್ನು ಮಂಗಳೂರು, ಉಡುಪಿ ಕಡೆ ಪುನರ್ಪುಳಿ ಅನ್ನುತ್ತಾರೆ. ಅಂಗಡಿಯಲ್ಲಿ ಕೋಕಂ ಅಂತ ಬರೆದಿರುತ್ತಾರೆ. ಮೂರೂ ಒಂದೇ.

ಈ ಮರಕ್ಕೆ ವರ್ಷದಲ್ಲಿ ಹನ್ನೊಂದು ತಿಂಗಳು ನಮ್ಮ ಹಂಗಿಲ್ಲ. ನೀರು ಬೇಡ, ಔಷಧಿ ಬೇಡ. ಬೇರು ಆಳಕ್ಕೆ ಇಳಿಯುತ್ತದೆ, ಬೇಸಿಗೆಯಲ್ಲೂ ಎಲೆ ಹಸಿರಾಗಿಯೇ ಇರುತ್ತದೆ. ಹೊಸ ಚಿಗುರು ಬಂದಾಗ ಮಾತ್ರ ಕೆಂಪು ಕೆಂಪಾಗಿ ನೋಡಲು ಚಂದ. ಆದರೆ ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ಅದು ನಮ್ಮನ್ನು ಕೂರಲು ಬಿಡುವುದಿಲ್ಲ. ಹಣ್ಣಾಗುವುದು ಆಗಲೇ, ಒಣಗಿಸಲು ಬಿಸಿಲು ಸಿಗುವುದೂ ಆಗಲೇ. ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟಿತು ಅಂದರೆ ನಾನು ಊಟದ ತಟ್ಟೆ ಬಿಟ್ಟು ಅಂಗಳಕ್ಕೆ ಓಡುತ್ತೇನೆ. ಈಗ ಮೊಣಕಾಲು ಕೇಳುವುದಿಲ್ಲ. ಹಾಗಾಗಿ ಕೂತಲ್ಲಿಂದಲೇ ಸೊಸೆಯನ್ನು ಕೂಗುತ್ತೇನೆ.

ಮೊದಲು ನೆಡುವ ವಿಷಯ ಹೇಳುತ್ತೇನೆ. ಅದರಲ್ಲಿ ನಾವು ಚೆನ್ನಾಗಿ ಮೋಸ ಹೋಗಿದ್ದೇವೆ. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎಬ್ಬಿಸಿದ ಗಿಡಗಳಲ್ಲಿ ಹೆಚ್ಚು ಕಡಿಮೆ ಅರ್ಧ ಗಂಡೇ ಆಗುತ್ತವೆ. ಗಿಡ ನೋಡಿ ಇದು ಗಂಡು, ಇದು ಹೆಣ್ಣು ಅಂತ ಯಾರಿಗೂ ಹೇಳಲಾಗದು, ಹೂ ಬಿಡುವವರೆಗೆ ಕಾಯಬೇಕು. ಅದಕ್ಕೆ ಆರರಿಂದ ಎಂಟು ವರ್ಷ ಬೇಕು. ನಮ್ಮನೆಯವರು ಒಂದು ನರ್ಸರಿಯಿಂದ ಮೂರು ಗಿಡ ತಂದಿದ್ದರು. "ಎಲ್ಲ ಹೆಣ್ಣೇ, ಗ್ಯಾರಂಟಿ" ಅಂದಿದ್ದನಂತೆ ಆ ಪುಣ್ಯಾತ್ಮ. ಏಳು ವರ್ಷ ಸೊಪ್ಪು ಹಾಕಿ, ದರಕು ಅಂದರೆ ಒಣಗಿದ ಎಲೆ ಮುಚ್ಚಿ, ದನ ಬಾಯಿ ಹಾಕದಂತೆ ಬೇಲಿ ಕಟ್ಟಿ ಸಾಕಿದೆವು. ಹೂ ಬಿಟ್ಟಾಗ ನೋಡಿದರೆ ಎರಡು ಗಂಡು!

ಹೂ ನೋಡಿ ಗುರುತಿಸುವುದು ಸುಲಭ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೂ ಬರುತ್ತದೆ. ಗಂಡು ಹೂ ಗೊಂಚಲು ಗೊಂಚಲಾಗಿ ಇರುತ್ತದೆ, ನಡುವೆ ಹಳದಿ ಕೇಸರ ಬಿಟ್ಟರೆ ಏನೂ ಇಲ್ಲ, ನಾಲ್ಕು ದಿನಕ್ಕೆ ಉದುರಿ ನೆಲ ತುಂಬುತ್ತದೆ. ಹೆಣ್ಣು ಹೂವಿನ ನಡುವೆ ಮಣಿಯಷ್ಟು ಹಸಿರು ಗುಂಡು ಕಾಣುತ್ತದೆ. ಅದೇ ಮುಂದೆ ಕಾಯಿ.

ಹಾಗಂತ ಗಂಡು ಮರವನ್ನೆಲ್ಲ ಕಡಿಯಬೇಡಿ. ನಮ್ಮತ್ತೆ ಕತ್ತಿ ಹಿಡಿದು ಹೊರಟವರನ್ನು ಬೈದು ಕೂರಿಸಿದ್ದರು. ತೋಟ ಮಾಡುವವರು ಹತ್ತು ಹೆಣ್ಣಿಗೆ ಒಂದು ಗಂಡು ಅನ್ನುವ ಲೆಕ್ಕ ಇಟ್ಟುಕೊಳ್ಳುತ್ತಾರೆ. ಸುತ್ತ ಕಾಡಿದ್ದರೆ ಅಲ್ಲಿಯೂ ಗಂಡು ಮರ ಇರುತ್ತದೆ, ಅಷ್ಟು ಚಿಂತೆ ಇಲ್ಲ. ಜಾಸ್ತಿಯಾದ ಗಂಡು ಮರವನ್ನು ಸೊಂಟದೆತ್ತರಕ್ಕೆ ಕಡಿದು, ಬಂದ ಚಿಗುರಿಗೆ ಹೆಣ್ಣು ಮರದ ಕುಡಿ ಕಸಿ ಕಟ್ಟಬಹುದು. ನಮ್ಮಲ್ಲಿ ಒಂದು ಮರಕ್ಕೆ ಮೂರು ಕಡೆ ಕಟ್ಟಿದ್ದೆವು. ಒಂದು ಹಿಡಿಯಿತು. ಅದೊಂದೇ ಸಾಕಾಯಿತು.

ಈಗ ನೆಡುವವರು ಕಸಿ ಗಿಡವನ್ನೇ ತನ್ನಿ. ನಾಲ್ಕೈದು ವರ್ಷಕ್ಕೆ ಕಾಯಿ ಕಾಣಬಹುದು, ಗಂಡೋ ಹೆಣ್ಣೋ ಅನ್ನುವ ತಲೆಬಿಸಿ ಇಲ್ಲ. ಆದರೆ ಕಸಿಗೆ ಕುಡಿ ಎಲ್ಲಿಂದ ತೆಗೆದದ್ದು ಅಂತ ಕೇಳಿ. ನೆಟ್ಟಗೆ ಮೇಲೆ ಹೋಗುವ ರೆಂಬೆಯದ್ದಾದರೆ ಗಿಡ ಮರದಂತೆ ಎತ್ತರ ಬೆಳೆಯುತ್ತದೆ. ಪಕ್ಕದ ಕೊಂಬೆಯದ್ದಾದರೆ ಪೊದೆಯಂತೆ ಅಡ್ಡಡ್ಡ ಹರಡುತ್ತದೆ. ಅಡ್ಡ ಬೆಳೆದದ್ದೂ ಕಾಯಿ ಬಿಡುತ್ತದೆ, ಕೈಗೆ ಸಿಗುವ ಎತ್ತರದಲ್ಲಿ. ನನ್ನ ವಯಸ್ಸಿನವರಿಗೆ ಅದೇ ಲೇಸು! ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದವರು ಕೊಂಕಣ ಅಮೃತಾ, ಕೊಂಕಣ ಹಾತಿಸ್ ಅಂತ ತಳಿಗಳನ್ನೇ ಬಿಟ್ಟಿದ್ದಾರೆ. ಅಲ್ಲಿಯ ರತ್ನಾಗಿರಿ, ಸಿಂಧುದುರ್ಗದ ಕೋಕಂಗೆ 2018ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ನಮ್ಮಲ್ಲಿ ಇನ್ನೂ ಇದು ಬೇಲಿ ಬದಿಯ ಮರ.

ಬೀಜದಿಂದಲೇ ಮಾಡುತ್ತೇನೆ ಅನ್ನುವವರು ಬೀಜವನ್ನು ಒಣಗಿಸಿ ಇಟ್ಟುಕೊಳ್ಳಬೇಡಿ. ಒಣಗಿದರೆ ಅದು ಸತ್ತಂತೆ. ಹಣ್ಣು ತಿಂದ ವಾರದೊಳಗೆ ತಿರುಳು ತೊಳೆದು ಮಣ್ಣಿಗೆ ಹಾಕಿ. ಮಳೆಗಾಲದ ಮೊದಲಿಗೆ ಒಂದು ಮೊಳ ಅಗಲ, ಆಳದ ಗುಂಡಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ ನೆಡಿ. ಮರದಿಂದ ಮರಕ್ಕೆ ಇಪ್ಪತ್ತು ಅಡಿ ಇರಲಿ. ಮೊದಲ ಎರಡು ಬೇಸಿಗೆ ಸ್ವಲ್ಪ ನೆರಳು, ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಕುಂಡದಲ್ಲಿ ಬೆಳೆಯಬಹುದಾ ಅಂತ ತುಂಬ ಜನ ಕೇಳುತ್ತಾರೆ. ಗಿಡ ಬದುಕೀತು, ಹಣ್ಣಿನ ಆಸೆ ಬಿಡಿ.

ಇನ್ನು ಹಣ್ಣು. ಕಾಯಿ ಹಸಿರಿನಿಂದ ಕೆಂಪಾಗಿ, ಆಮೇಲೆ ಕಪ್ಪಿಗೆ ತಿರುಗುವ ಕೆಂಪಾಗುತ್ತದೆ. ಆಗ ಕೊಯ್ಯಬೇಕು. ಅರೆಹಣ್ಣಿನ ಸಿಪ್ಪೆಗೆ ಬಣ್ಣವೂ ಕಡಿಮೆ, ರಸವೂ ಕಡಿಮೆ. ಒಂದೇ ದಿನ ಎಲ್ಲ ಹಣ್ಣಾಗುವುದಿಲ್ಲ. ಎರಡು ದಿನಕ್ಕೊಮ್ಮೆ ಬುಡ ಗುಡಿಸಿಟ್ಟು, ಬಿದ್ದದ್ದನ್ನು ಬೆಳಿಗ್ಗೆ ಬೇಗ ಹೆಕ್ಕಿ. ತಡಮಾಡಿದರೆ ಮಂಗ ಬರುತ್ತದೆ. ಮಂಗ ಒಂದು ತಿಂದು ಹತ್ತು ಕೆಡವುತ್ತದೆ, ಕೆಡವಿದ್ದು ನಮಗೆ, ಅಂತ ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಹಣ್ಣು ತೊಳೆದು, ಬಟ್ಟೆಯಲ್ಲಿ ಒರೆಸಿ, ಎರಡು ಹೋಳು ಮಾಡಿ. ಹಳೇ ಸೀರೆ ಉಟ್ಟುಕೊಂಡೇ ಈ ಕೆಲಸಕ್ಕೆ ಕೂರಿ, ಕಲೆ ಹೋಗುವುದಿಲ್ಲ. ಕೈಗೆ ಸೋಪು ಹಾಕಿದರೆ ಕೆಂಪು ನೀಲಿಗೆ ತಿರುಗುತ್ತದೆ, ಹೆದರಬೇಡಿ. ಮೊದಲು ನಿಂಬೆಹಣ್ಣಿನ ಸಿಪ್ಪೆಯಲ್ಲಿ ತಿಕ್ಕಿ, ಆಮೇಲೆ ಸೋಪು. ಇನ್ನೊಂದು ಮಾತು: ಅಲ್ಯೂಮಿನಿಯಂ, ತಾಮ್ರ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ ಹತ್ತಿರವೂ ತರಬೇಡಿ. ಇದರ ಹುಳಿ ಲೋಹವನ್ನು ತಿನ್ನುತ್ತದೆ. ಭರಣಿ, ಗಾಜು, ಕೂಡಲೇ ಬಳಸುವುದಾದರೆ ಸ್ಟೀಲ್.

ಸಿಪ್ಪೆ ಒಣಗಿಸುವುದನ್ನು ಬರೀ ಬಿಸಿಲಿಗೆ ಹರಡುವುದು ಅಂತ ತಿಳಿದವರೇ ಜಾಸ್ತಿ. ಹಾಗೆ ಒಣಗಿಸಿದರೆ ಸಿಪ್ಪೆ ತೊಗಟೆಯಂತೆ ಆಗುತ್ತದೆ, ಅಷ್ಟು ಹುಳಿ ಇರುವುದಿಲ್ಲ. ಒಳಗಿನ ಬಿಳಿ ತಿರುಳನ್ನೂ ಬೀಜವನ್ನೂ ಒಂದು ಭರಣಿಗೆ ಹಾಕಿ, ಕಲ್ಲುಪ್ಪು ಹಾಕಿ ಕೈಯಾಡಿಸಿ. ಅರ್ಧ ದಿನದಲ್ಲಿ ನೀರು ಬಿಡುತ್ತದೆ. ಬೀಜ ಸೋಸಿ ತೆಗೆಯಿರಿ. ಬೀಜ ಎಸೆಯಬೇಡಿ, ಅದರ ಮಾತು ಆಮೇಲೆ. ಸಿಪ್ಪೆಯನ್ನು ಹಗಲು ಚಾಪೆಯ ಮೇಲೆ ಒಣಗಿಸಿ, ಸಂಜೆ ಆ ರಸದಲ್ಲಿ ಅದ್ದಿಡಿ. ಬೆಳಿಗ್ಗೆ ತೆಗೆದು ಮತ್ತೆ ಬಿಸಿಲಿಗೆ. ಹೀಗೆ ನಾಲ್ಕೈದು ದಿನ, ರಸ ಮುಗಿಯುವವರೆಗೆ. ಕೊನೆಗೆ ಎರಡು ದಿನ ಬರೀ ಬಿಸಿಲು. ಸರಿಯಾಗಿ ಒಣಗಿದ್ದು ಕಪ್ಪಗೆ, ಚರ್ಮದಂತೆ ಬಾಗುತ್ತದೆ. ಪಟ್ ಅಂತ ಮುರಿದರೆ ಜಾಸ್ತಿ ಒಣಗಿದೆ, ಬೆರಳಿಗೆ ಅಂಟಿದರೆ ಇನ್ನೂ ಬೇಕು. ಅಂಗಡಿಯಲ್ಲಿ ಕೊಳ್ಳುವಾಗಲೂ ಹೀಗೇ ಬಗ್ಗಿಸಿ ನೋಡಿ.

ನಡುವೆ ಮಳೆ ಬಂತು ಅಂತ ಇಟ್ಟುಕೊಳ್ಳಿ. ಒದ್ದೆ ಸಿಪ್ಪೆಯನ್ನು ಡಬ್ಬಿಗೆ ತುಂಬಿದರೆ ಎರಡೇ ದಿನಕ್ಕೆ ಬೂಸ್ಟು. ನಾವು ಬಚ್ಚಲು ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇವೆ. ಸ್ವಲ್ಪ ಹೊಗೆ ವಾಸನೆ ಹಿಡಿಯುತ್ತದೆ. ಅದನ್ನು ಸಾರಿಗೆ ಅಂತ ಬೇರೆ ಇಡಿ, ಪಾನಕಕ್ಕೆ ಬೇಡ. ಪೇಟೆಯವರು ಸಿಪ್ಪೆಗೆ ಉಪ್ಪು ಬೆರೆಸಿ ಫ್ರಿಜ್‌ನಲ್ಲಿಟ್ಟು ಬಿಸಿಲಿಗೆ ಕಾಯಬಹುದು.

ಈಗ ತಂಗಿ ಮಗಳ ಸಿರಪ್ಪು. ಒಂದು ಕಿಲೋ ಹಸಿ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಹೌದು, ಎರಡು. ಸಕ್ಕರೆ ಇಲ್ಲಿ ಸಿಹಿಗಲ್ಲ, ಕಾಪಾಡುವುದಕ್ಕೆ. ಕಡಿಮೆ ಹಾಕಿದರೆ ಹುದುಗುತ್ತದೆ, ಮುಚ್ಚಳ ಹಾರುತ್ತದೆ. ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹಾಕುತ್ತಾ ಬನ್ನಿ, ಮೇಲಿನ ಪದರ ಸಕ್ಕರೆಯದ್ದೇ ಇರಲಿ. ಬಾಯಿಗೆ ಬಟ್ಟೆ ಕಟ್ಟಿ ಏಳೆಂಟು ದಿನ ಬಿಸಿಲಲ್ಲಿಡಿ. ದಿನಕ್ಕೊಮ್ಮೆ ಒಣ ಸೌಟಿನಲ್ಲಿ ಮಗುಚಿ. ಸಕ್ಕರೆ ಪೂರ್ತಿ ಕರಗಿದ ಮೇಲೆ ಸೋಸಿ, ಹುರಿದ ಜೀರಿಗೆ ಪುಡಿ, ಚೂರು ಉಪ್ಪು ಬೆರೆಸಿ. ಒಲೆ ಹಚ್ಚುವುದೇ ಬೇಡ. ಒಂದು ಲೋಟ ಸಿರಪ್ಪಿಗೆ ಐದಾರು ಲೋಟ ನೀರು. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಬೇಡವೇ ಬೇಡ. ನಮ್ಮನೆಯವರಿಗೆ ನಾನು ನಾಲ್ಕು ಒಣ ಸಿಪ್ಪೆ ನೆನೆಸಿ, ಹಿಂಡಿ, ಉಪ್ಪು ಜೀರಿಗೆ ಹಾಕಿ ಕೊಡುತ್ತೇನೆ. ಮುಖ ಕಿವುಚುತ್ತಾರೆ, ಕುಡಿಯುತ್ತಾರೆ.

ಬಿಳಿ ಮುರುಗಲು ಅಂತಲೂ ಒಂದಿದೆ, ಹಣ್ಣು ಹಳದಿ ಬಿಳಿ. ಅಪರೂಪ. ಅದರ ಪಾನಕ ನೋಡಲು ನಿಂಬೆ ಪಾನಕದ ಹಾಗೆ, ರುಚಿ ನೋಡಿದರೆ ಮುರುಗಲು. ಮರ ಸಿಕ್ಕಿದರೆ ಕಸಿ ಕುಡಿ ಕೇಳಲು ನಾಚಿಕೊಳ್ಳಬೇಡಿ.

ಸಿಪ್ಪೆ ನೆನೆದ ಮೇಲೆ ಸಾರು ಮಾಡುವುದು ಹತ್ತು ನಿಮಿಷದ ಕೆಲಸ. ನಾಲ್ಕು ಜನಕ್ಕೆ ಎಂಟು ಹತ್ತು ಒಣ ಸಿಪ್ಪೆ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ, ಸಿಪ್ಪೆ ತೆಗೆದುಬಿಡಿ. ನೀರು, ಬೆಲ್ಲ, ಉಪ್ಪು, ಸೀಳಿದ ಹಸಿಮೆಣಸು ಹಾಕಿ ಒಂದೇ ಕುದಿ. ಸಿಪ್ಪೆ ಸಮೇತ ಗಂಟೆಗಟ್ಟಲೆ ಕುದಿಸಿದರೆ ಒಗರು ಬಿಡುತ್ತದೆ, ಬಣ್ಣವೂ ಕೆಡುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಕರಾವಳಿಯವರು ಬೆಳ್ಳುಳ್ಳಿ ಜಜ್ಜಿ ಹಾಕುತ್ತಾರೆ, ಅದೂ ಚೆನ್ನ. ಕೊಂಕಣಿಯವರು ಈ ರಸಕ್ಕೆ ತೆಂಗಿನಹಾಲು ಬೆರೆಸಿ ಸೋಲ್ ಕಢಿ ಮಾಡುತ್ತಾರೆ. ಹಾಲು ಬೆರೆಸಿದ ಮೇಲೆ ಒಲೆಗೆ ಇಡಬಾರದು, ಒಡೆಯುತ್ತದೆ.

ಪಿತ್ತಕ್ಕೆ, ಮೈಮೇಲೆ ಗಂದೆ ಎದ್ದಾಗ ಮುರುಗಲು ನೀರು ಕುಡಿಸುವುದು, ಹಚ್ಚುವುದು ನಮ್ಮ ಕಡೆಯ ರೂಢಿ. ಗಂದೆಯ ಜೊತೆ ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ ಸುಮ್ನೆ ಮನೆಮದ್ದು ಅಂತ ಕೂರಬೇಡಿ, ಡಾಕ್ಟರ ಹತ್ತಿರ ಓಡಿ. ಇದರ ಅಣ್ಣತಮ್ಮಂದಿರ ಪೈಕಿಯ ಉಪ್ಪಾಗೆಯಿಂದ ತೂಕ ಇಳಿಸುವ ಮಾತ್ರೆ ಮಾಡುತ್ತಾರೆ. ಅಂಥ ಮಾತ್ರೆ ನುಂಗಿ ಲಿವರ್ ಕೆಡಿಸಿಕೊಂಡವರ ವರದಿಗಳಿವೆ. ಸಾರಿಗೆ ಹಾಕುವ ಹುಳಿಯೇ ಬೇರೆ, ಮಾತ್ರೆಯೇ ಬೇರೆ.

ಕೊನೆಗೆ ಆ ಬೀಜ. ಒಂದು ಹಣ್ಣಿಗೆ ಐದರಿಂದ ಎಂಟು ಇರುತ್ತವೆ. ತೊಳೆದು, ಚೆನ್ನಾಗಿ ಒಣಗಿಸಿ, ಮೇಲಿನ ಸಿಪ್ಪೆ ಬಿಡಿಸಿ ಒರಳಿಗೆ ಹಾಕಿ ಕುಟ್ಟಿ. ನೀರಲ್ಲಿ ಕುದಿಸಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮೇಲೆ ಕೆನೆಯಂತೆ ಗಟ್ಟಿ ಕಟ್ಟಿರುತ್ತದೆ. ಅದನ್ನು ತೆಗೆದು, ನೀರಿನ ಚಟಪಟ ನಿಲ್ಲುವವರೆಗೆ ಕಾಯಿಸಿ, ಸೋಸಿ, ಗೆರಟೆಯಲ್ಲಿ ಹೆಪ್ಪುಗಟ್ಟಿಸಿ. ಇದೇ ಮುರುಗಲು ತುಪ್ಪ. ಬೀಜದ ತೂಕದಲ್ಲಿ ಕಾಲು ಭಾಗದಷ್ಟು ಕೊಬ್ಬು ಇರುತ್ತದೆ, ಮನೆಯಲ್ಲಿ ಕುದಿಸಿದರೆ ಅಷ್ಟೂ ಬರುವುದಿಲ್ಲ. ಬೇಸಿಗೆಯಲ್ಲೂ ಮೇಣದಂತೆ ಗಟ್ಟಿ ಇರುತ್ತದೆ, ಬಿಸಿ ಮಾಡಿ ಹಚ್ಚಬೇಕು. ಹಿಮ್ಮಡಿ ಒಡೆದವರು ರಾತ್ರಿ ಕಾಲು ತೊಳೆದು, ಒರೆಸಿ, ಬಿರುಕಿಗೆ ತುಂಬಿ ಹಳೇ ಕಾಲುಚೀಲ ಹಾಕಿ ಮಲಗಿ. ನಮ್ಮತ್ತೆ ಚಳಿಗಾಲದಲ್ಲಿ ತುಟಿಗೂ ಇದನ್ನೇ ಸವರುತ್ತಿದ್ದರು.

ಸಿರಪ್ ಸೋಸಿದ ಮೇಲೆ ಉಳಿಯುವ ಸಕ್ಕರೆ ಹಿಡಿದ ಸಿಪ್ಪೆಯನ್ನು ಚೆಲ್ಲಬೇಡಿ, ಎರಡು ಬಿಸಿಲು ಕಾಣಿಸಿ ಡಬ್ಬಿಗೆ ಹಾಕಿ. ಈ ಸಲ ನಾನು ಒಂದು ಡಬ್ಬಿ ತುಂಬ ಮಾಡಿ ಕಪಾಟಿನ ಮೇಲಿನ ಗೂಡಲ್ಲಿ ಇಟ್ಟಿದ್ದೆ. ಮೊಮ್ಮಗ ಸ್ಟೂಲು ಎಳೆದುಕೊಂಡು ಹತ್ತಿದ್ದು ನನಗೆ ಗೊತ್ತೇ ಆಗಲಿಲ್ಲ. ಸಂಜೆ ಅವನ ನಾಲಿಗೆ ನೋಡಿದ ಮೇಲೆ ಗೊತ್ತಾಯಿತು.